ಬೇರುತಡೆ ಹಾಳೆ: ಬೆಸುಗೆಯ ಫೋಟೊ ಕೇಳಿ

ಮಾನ್ಯರೇ,

ಬ್ರಿಟನ್ನಿನಲ್ಲಿ ಮನೆ ಕೊಳ್ಳುವ ಕನ್ನಡಿಗರು, ಊರಿನಿಂದ ಅವರಿಗೆ ಹಣ ಹೊಂದಿಸುವ ಹೆತ್ತವರು ಈ ವಿಷಯ ತಿಳಿದಿರುವುದು ಒಳ್ಳೆಯದು. ಮನೆಯ ಕಾಗದಪತ್ರಗಳಲ್ಲಿ ‘ಜಪಾನೀಸ್ ನಾಟ್‌ವೀಡ್‌ಗೆ (ಹಬ್ಬಿಕೊಳ್ಳುವ ಒಂದು ಕಳೆ) ಬೇರುತಡೆ ಹಾಳೆ (ಬೇರು ದಾಟದಂತೆ ಮಣ್ಣಿನಲ್ಲಿ ಹೂಳುವ ಹಾಳೆ) ಅಳವಡಿಸಿದೆ’ ಎಂದಿದ್ದ ಮಾತ್ರಕ್ಕೆ ಕಳೆ ಸತ್ತಿದೆ ಎಂದರ್ಥವಲ್ಲ. ಹಾಳೆ ಅದನ್ನು ಕೂಡಿಹಾಕುತ್ತದೆ, ಅಷ್ಟೆ.

ಈ ಕಳೆ ಬ್ರಿಟನ್ನಿನಲ್ಲಿ ಹಬ್ಬುವುದು ಬೀಜದಿಂದಲ್ಲ, ಶುಂಠಿಯಂತೆ ನೆಲದೊಳಗೆ ಹರಿಯುವ ಗೆಡ್ಡೆಯಿಂದ. ಮುರಿದರೆ ಒಳಗೆ ಹಸಿ ಅರಿಸಿನದ ಬಣ್ಣ. ಒಂದು ಗ್ರಾಂಗೂ ಕಡಿಮೆ ತೂಕದ ಚೂರು ಚಿಗುರಬಲ್ಲದು. ಅಗೆಯುವ ಯಂತ್ರದ ಚಕ್ರಕ್ಕೆ ಮೆತ್ತಿದ ಮಣ್ಣೇ ಅದನ್ನು ಸೈಟಿನ ತುಂಬ ಹಂಚಿಬಿಡುತ್ತದೆ. (ಗಟ್ಟಿ ಕಾಂಕ್ರೀಟನ್ನೇ ಸೀಳುತ್ತದೆ ಎಂಬುದು ಉತ್ಪ್ರೇಕ್ಷೆ, ಇರುವ ಬಿರುಕು, ಸಂದುಗಳಲ್ಲಿ ತೂರುತ್ತದೆ.)

ಗೆಡ್ಡೆ ಬೆರೆತ ಮಣ್ಣನ್ನು ಅಗೆದು ಸೈಟಿನಲ್ಲೇ ಹೂಳುವುದಾದರೆ ಪರಿಸರ ಇಲಾಖೆಗೆ ಮೊದಲೇ ತಿಳಿಸಬೇಕು. ಸುತ್ತಲೂ ಹಾಳೆಯಲ್ಲಿ ಮುಚ್ಚಿದರೆ ಕನಿಷ್ಠ 2 ಮೀಟರ್ ಆಳ, ಮೇಲೆ ಮಾತ್ರ ಹೊದಿಸಿದರೆ 5 ಮೀಟರ್. ಹೊರಗೆ ಸಾಗಿಸಿದರೆ ಪರವಾನಗಿ ಇರುವ ಕಸದ ನೆಲೆಗೇ ಹೋಗಬೇಕು.

ಪಕ್ಕದ ಜಾಗದಿಂದ ಗೆಡ್ಡೆ ನುಸುಳದಂತೆ ಗಡಿಯಲ್ಲಿ ನೆಟ್ಟಗೆ ಇಳಿಸುವ ಹಾಳೆ ಸೋಲುವುದು ಹೆಚ್ಚಾಗಿ ಜೋಡಣೆಯಲ್ಲಿ. ಒಂದರ ಮೇಲೊಂದು ಹಾಸಿದರೆ ಸಾಲದು. ಬಿಸಿ ಬೆಸುಗೆ ಹಾಕಬೇಕು, ಇಲ್ಲವೇ ತಯಾರಕರೇ ಹೇಳಿದ ಟೇಪು ಬಳಸಬೇಕು. ಮಳೆಯಲ್ಲಿ, ಕೆಸರು ಮೆತ್ತಿದ ಹಾಳೆಗೆ ಟೇಪು ಹಿಡಿಯುವುದಿಲ್ಲ. ನೀರಿನ ಪೈಪು, ಕೇಬಲ್ ದಾಟುವಲ್ಲಿ ಸುತ್ತ ಬಿಗಿಯುವ ಪಟ್ಟಿ (ಕಾಲರ್) ಕೂರಿಸಿ ಮುಚ್ಚದಿದ್ದರೆ ಗೆಡ್ಡೆಗೆ ಅದೇ ಬಾಗಿಲು. ಇಕ್ಕೆಲದಲ್ಲೂ ಮರಳು ತುಂಬದೆ ಇಟ್ಟಿಗೆ ಚೂರಿನ ಮಣ್ಣು ಸುರಿದರೆ ಹಾಳೆ ತೂತು. ಮೇಲಂಚು ಮಣ್ಣಿನಲ್ಲಿ ಹೂತುಹೋದರೆ ಗೆಡ್ಡೆ ಅದರ ಮೇಲಿಂದಲೇ ದಾಟುತ್ತದೆ. ಅಡಿಪಾಯದ ತೇವ ತಡೆಯುವ ಸಾದಾ ಪಾಲಿಥೀನ್ ಇದಕ್ಕೆ ಬದಲಿಯಲ್ಲ.

ಮನೆ ಮಾರುವವರು ಮನೆಯ ವಿವರ ತುಂಬುವ ಟಿಎ6 ಎಂಬ ನಮೂನೆಯಲ್ಲಿ ಈ ಕಳೆಯ ಬಗ್ಗೆ ಉತ್ತರಿಸಬೇಕು. ‘ಗೊತ್ತಿಲ್ಲ’ ಎಂದು ಬರೆದಿದ್ದರೆ ಸರ್ವೇಯರ್‌ನಿಂದ ಪರಿಶೀಲಿಸಿ. ಕಳೆ ಕಟ್ಟಡಕ್ಕೆ ಎಷ್ಟು ಹತ್ತಿರವಿದ್ದರೆ ಚಿಂತೆ ಎಂಬುದಕ್ಕೆ ಇದ್ದ 7 ಮೀಟರ್ ಎಂಬ ಹಳೆಯ ಅಳತೆಗೋಲನ್ನು 2022ರಲ್ಲಿ ಬ್ರಿಟನ್ನಿನ ಸರ್ವೇಯರ್‌ಗಳ ಸಂಸ್ಥೆ ಆರ್‌ಐಸಿಎಸ್ 3 ಮೀಟರಿಗೆ ಇಳಿಸಿದೆ. ಕಳೆ ನಿವಾರಣೆಯ ಕೆಲಸಕ್ಕೆ ವಿಮೆಯ ಬೆಂಬಲವಿರುವ ಖಾತರಿಪತ್ರ (ಸಾಮಾನ್ಯವಾಗಿ 10 ವರ್ಷದ್ದು) ಕೇಳಿ. ಗ್ಲೈಫೊಸೇಟ್ ಎಂಬ ಕಳೆನಾಶಕ ಸಿಂಪಡಿಸಿದ್ದಾರೆಂದರೆ ಎಷ್ಟು ವರ್ಷ, ಯಾವ ತಿಂಗಳಲ್ಲಿ ಎಂದೂ ಕೇಳಿ. ಬೇಸಿಗೆಯ ಕೊನೆಯಲ್ಲಿ, ಎಲೆಯ ಸತ್ವ ಗೆಡ್ಡೆಗಿಳಿಯುವಾಗ ಸಿಂಪಡಿಸಿದರಷ್ಟೇ ಔಷಧ ಆಳಕ್ಕೆ ಹೋಗುತ್ತದೆ. ಅದೂ ಒಂದು ವರ್ಷದಲ್ಲಿ ಮುಗಿಯುವ ಕೆಲಸವಲ್ಲ.

ಎಲ್ಲಕ್ಕಿಂತ ಮುಖ್ಯ, ಮಣ್ಣು ಮುಚ್ಚುವ ಮುನ್ನ ತೆಗೆದ ಬೆಸುಗೆಯ ಫೋಟೊಗಳು ಮತ್ತು ಹಾಳೆ ಎಲ್ಲಿ, ಎಷ್ಟು ಆಳದಲ್ಲಿದೆ ಎಂಬ ನಕ್ಷೆ. ಅದು ಕೈಯಲ್ಲಿಲ್ಲದೆ ಬೇಲಿಗೆಂದು ಗುಂಡಿ ತೋಡಿಸಿದರೆ ಹಾಳೆಗೆ ತೂತು ಬೀಳುವುದು ಮನೆಯವರ ಕೈಯಿಂದಲೇ.

ಇಂತಿ,
ಸಿವಿಲ್ ಎಂಜಿನಿಯರ್, ಬರ್ಮಿಂಗ್‌ಹ್ಯಾಮ್