ಕಣ್ಣು ಮುಚ್ಚಬೇಡ ಪುಟ್ಟಾ

ಪುಟ್ಟಾ,

ದೆಹಲಿಯ ಚಳಿ, ರೂಮಿನ ಬಾಡಿಗೆ ಎಲ್ಲ ಅಕ್ಕ ಫೋನಲ್ಲಿ ಹೇಳಿದ್ದಾಳೆ, ಅದು ಬಿಡು. ಆದರೆ ಪತ್ರದ ಕೊನೆಗೆ "ತಂದೂರಿಗೆ ಕೈ ಇಳಿಸುವಾಗ ಕಣ್ಣು ಮುಚ್ಚಿಬಿಡ್ತೀನಿ ಮಾವ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಹೆದರಿಕೆ ಆಗೋದು ಸರಿಯೇ. ಆ ಮಣ್ಣಿನ ಒಲೆಯೊಳಗೆ 400 ಡಿಗ್ರಿ ಆಸುಪಾಸಿನ ಕಾವು. ಆದರೆ ಕಣ್ಣು ಮುಚ್ಚಬೇಡ. ನಾನ್‌ನ ಬೆನ್ನಿಗೆ ನೀರು ಸವರಿ, ಅದನ್ನಿಟ್ಟ ಗದ್ದಿಯನ್ನು, ಅಂದರೆ ಆ ಬಟ್ಟೆಯ ದಿಂಬನ್ನು, ತಂದೂರಿನ ಒಳಗೋಡೆಗೆ ಒಂದೇ ಸಲ ಒತ್ತಿದರೆ ಅಂಟುತ್ತದೆ, ಅಲ್ಲೇ ಕೈ ಇಟ್ಟುಕೊಂಡರೆ ಜಾಸ್ತಿ ಏನೂ ಅಂಟುವುದಿಲ್ಲ. ನಾನು ಕಂಡ ಗಾಯಗಳೆಲ್ಲ ಹೆಚ್ಚಾಗಿ ಕೈ ಹೊರಗೆಳೆಯುವಾಗ ತಂದೂರಿನ ಬಾಯಿಯ ಅಂಚು ತಾಗಿ ಆದವು.

1983ರಲ್ಲಿ ನಾನು ದೆಹಲಿಯ ಕರೋಲ್ ಬಾಗಿನ ಒಂದು ಹೋಟೆಲಿನ ಕೌಂಟರಿನಲ್ಲಿದ್ದೆ. ತಂದೂರಿನ ಹತ್ತಿರ ಗಢ್ವಾಲಿನಿಂದ ಬಂದ ಹುಡುಗ, ನಿನ್ನಷ್ಟೇ ವಯಸ್ಸು. ಮದುವೆ ಸೀಸನ್, ರಾತ್ರಿ ಜನವೋ ಜನ, ನಾನು ಕೂತಲ್ಲಿಂದಲೇ "ಜಲ್ದಿ, ಜಲ್ದಿ" ಅಂತ ಕೂಗುತ್ತಲೇ ಇದ್ದೆ. ಹಿಟ್ಟಿಗೆ ಇನ್ನೂ ಹುದುಗು ಬಂದಿರಲಿಲ್ಲ, ಎಷ್ಟು ತಟ್ಟಿದರೂ ಹಿಂದಕ್ಕೆ ಕುಗ್ಗುತ್ತಿತ್ತು. ಗೋಡೆಗೆ ಹಾಕಿದ್ದು ಕಳಚಿಕೊಂಡಿತು, ಕೆಂಡಕ್ಕೆ ಬೀಳುವ ಮೊದಲು ಹಿಡಿಯಲು ಅವನು ಕೈ ಹಾಕಿಬಿಟ್ಟ. ಮೊಣಕೈವರೆಗೂ ಸುಟ್ಟಿತು. ನಾವು ಟೂತ್‌ಪೇಸ್ಟ್ ಬಳಿದೆವು. ಅವನು ಊರಿಗೆ ಹೋದ, ಮತ್ತೆ ಬರಲಿಲ್ಲ. ಕೂಗಿದ್ದು ನನ್ನ ತಪ್ಪು ಅಂತ ಅವನಿಗೆ ಒಂದು ಮಾತು ಹೇಳಲಿಲ್ಲ ನಾನು.

ಅದಕ್ಕೇ ಹೇಳ್ತೀನಿ, ಬಿದ್ದ ನಾನ್ ಬಿದ್ದುಹೋಗಲಿ. ಸರಳು ಇದೆಯಲ್ಲ, ಆಮೇಲೆ ತೆಗೆದರಾಯಿತು. ಯಾರು ಕೂಗಿದರೂ ಕೂಗಲಿ.

ನಿನಗೆ ಗೊತ್ತಿರಬಹುದು, ಆದರೂ ಬರೆಯುತ್ತೇನೆ. ಕೈಯ ದಾರ, ಉಂಗುರ ಬಿಚ್ಚಿಡು. ಪಾಲಿಯೆಸ್ಟರ್ ಅಂಗಿ ಬೇಡ. ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿ, ಐಸೂ ಬೇಡ, ಪೇಸ್ಟೂ ಬೇಡ.

ಮತ್ತೆ, ಉಸ್ತಾದರು ಒಪ್ಪಿದರೆ ಕೆಲವು ದಿನ ಹಿಟ್ಟಿನ ಕಡೆ ಇರು. ಚಳಿಯಲ್ಲಿ ಹುದುಗು ಬೇಗ ಬರುವುದಿಲ್ಲ. ಅಜ್ಜಿ ದೋಸೆ ಹಿಟ್ಟಿಗೆ ಕಂಬಳಿ ಹೊದಿಸುತ್ತಿದ್ದಳಲ್ಲ, ಇದೂ ಹಾಗೇ, ಬೆಚ್ಚಗಿರಬೇಕು. ರಜೆ ಸಿಕ್ಕಿದರೆ ಬೆಳಗ್ಗೆ ಜಾಮಾ ಮಸೀದಿ ಕಡೆ ಹೋಗಿ ಖಮೀರಿ ರೊಟ್ಟಿ ಮಾಡುವವರ ಪಕ್ಕ ಸುಮ್ನೆ ನಿಂತು ನೋಡು. ಹಿಂದಿನ ದಿನದ ಹುಳಿ ಹಿಟ್ಟು ಬೆರೆಸಿದ ಗೋಧಿ ಹಿಟ್ಟು ಬೆರಳಿಗೆ ಹೇಗೆ ಮಣಿಯುತ್ತದೆ ನೋಡು. ಹಿಟ್ಟು ಸರಿಯಿದ್ದಾಗ ಗೋಡೆಗೆ ತಾನೇ ಕೂರುತ್ತದೆ, ನಿನ್ನ ಕೈಗೂ ಗಾಬರಿ ಇರುವುದಿಲ್ಲ.

ಭಾನುವಾರ ಫೋನ್ ಮಾಡು. ಎಷ್ಟು ಸಲ ಕಣ್ಣು ಮುಚ್ಚಿದೆ ಅಂತ ನಿಜ ಹೇಳು. ನಾನು ಬೈಯುವುದಿಲ್ಲ.

ನಿನ್ನ ಮಾವ