ಹತ್ತು ಸಲ ಬರೆಸಿದರೆ ಸ್ಪೆಲಿಂಗ್ ಬಾರದು

ಮಾನ್ಯ ಸಂಪಾದಕರೇ,

ಕನ್ನಡ ಮಾಧ್ಯಮದ ಮಗು ‘ಟೇಬಲ್’ ಪದವನ್ನು ಟಿ-ಇ-ಬಿ-ಎ-ಎಲ್ ಎಂದು ಬರೆದರೆ ಕೆಂಪು ಗೆರೆ ಎಳೆದು ಹತ್ತು ಸಲ ಬರೆಸುವ ರೂಢಿ ಇನ್ನೂ ಹೋಗಿಲ್ಲ. ಆ ತಪ್ಪನ್ನೊಮ್ಮೆ ಓದಿ ನೋಡಿ. ಕಾಗುಣಿತ ಕಲಿತ ಮಗು ಕಿವಿಗೆ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ: ‘ಟೇ’ಗೆ ಟಿ-ಇ, ‘ಬ’ಗೆ ಬಿ-ಎ. ಆದರೆ ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕು; ಅಲ್ಲಿ ಕಾಗುಣಿತದ ಲೆಕ್ಕ ನಡೆಯದು. ‘ಬಸ್’, ‘ಕಪ್’ಗಳನ್ನು ‘ಬಸ್ಸು’, ‘ಕಪ್ಪು’ ಎನ್ನುವ ಮಕ್ಕಳು ಕೊನೆಯ ವ್ಯಂಜನವನ್ನು ಎರಡೆರಡು ಸಲ ಬರೆಯುವುದೂ ಹೀಗೆಯೇ.

ದಿನಕ್ಕೆ ಐದಾರು ಪದ ಸಾಕು, ಎಲ್ಲವೂ ಒಂದೇ ಜಾಡಿನವು: ಹ್ಯಾಟ್–ಹೇಟ್, ಪಿನ್–ಪೈನ್, ಹಾಪ್–ಹೋಪ್. ಕೊನೆಯ ‘ಇ’ ತಾನು ಸುಮ್ಮನಿದ್ದು ಹಿಂದಿನ ಸ್ವರವನ್ನು ಬದಲಿಸುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಬಳಿಕ ಪದವನ್ನು ನೋಡಿ, ಗಟ್ಟಿಯಾಗಿ ಹೇಳಿ, ಅಂಗೈಯಿಂದ ಮುಚ್ಚಿ, ನೆನಪಿನಿಂದ ಬರೆದು, ಕೈ ತೆಗೆದು ಹೋಲಿಸಲಿ. ಮುಚ್ಚುವ ಹೆಜ್ಜೆಯೇ ಇದರ ಜೀವಾಳ. ಹತ್ತು ಸಲ ನಕಲು ಮಾಡುವಾಗ ಓಡುವುದು ಕೈ ಮಾತ್ರ; ಎಷ್ಟೋ ಮಕ್ಕಳು ಮೊದಲು ಹತ್ತು ‘ಟಿ’ಗಳನ್ನು ಮೇಲಿನಿಂದ ಕೆಳಗೆ ಇಳಿಸಿ, ಆಮೇಲೆ ಎರಡನೇ ಅಕ್ಷರದ ಕಂಬ ಶುರುಮಾಡುತ್ತಾರೆ. ಅಲ್ಲಿ ಪದವೇ ಇಲ್ಲ!

‘ಸೆಡ್’ (ಹೇಳಿದ)ನಂಥ, ಜಾಡಿಗೆ ಬಗ್ಗದ ಮೊಂಡು ಪದಗಳಲ್ಲಿ ತಪ್ಪುವ ಜಾಗಕ್ಕಷ್ಟೇ, ಅಂದರೆ ನಡುವಿನ ಎ-ಐ ಜೋಡಿಗೆ, ಬಣ್ಣ ಹಚ್ಚಿಸಿ. ತಪ್ಪಿದ ಪದವನ್ನು ಮರುದಿನ ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ಕಿರುಪರೀಕ್ಷೆಯಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ ಇಡೀ ಪದಕ್ಕೆ ಸೊನ್ನೆ ಹಾಕುವುದನ್ನು ದಯವಿಟ್ಟು ನಿಲ್ಲಿಸಿ.

– ಪ್ರಾಥಮಿಕ ಶಾಲೆಯ ಇಂಗ್ಲಿಷ್ ಶಿಕ್ಷಕರು