ದಣಿಸಿದರೆ ಕುದುರೆ ಕಲಿಯುವುದಿಲ್ಲ

ಮಾನ್ಯ ಸಂಪಾದಕರೇ,

ಕುದುರೆಗಳ ತರಬೇತಿ ಕುರಿತು ತಮ್ಮ ಪತ್ರಿಕೆಯಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುವ ಲಂಜಿಂಗ್ ಅಭ್ಯಾಸದ ವೇಳೆ ಅದು ಒದ್ದರೆ, ನಿಂತುಬಿಟ್ಟರೆ ಅಥವಾ ಹಗ್ಗ ಜಗ್ಗಿಕೊಂಡು ಓಡಿದರೆ ಚಾವಟಿಯ ರುಚಿ ತೋರಿಸಬೇಕು, ಸುಸ್ತಾಗುವವರೆಗೂ ಓಡಿಸಬೇಕು ಎಂದು ಅದರಲ್ಲಿ ಹೇಳಲಾಗಿದೆ. ಈ ಕೆಲಸದಲ್ಲಿ ತೊಡಗಿರುವ ನನಗೆ ಈ ಸಲಹೆಯನ್ನು ಒಪ್ಪಲಾಗುತ್ತಿಲ್ಲ. ಹೊಸಬರು ಇದನ್ನು ಹಾಗೆಯೇ ಪಾಲಿಸಿದರೆ ಕುದುರೆಗೂ ಅವರಿಗೂ ಅಪಾಯವಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಿನ್ನೆಯವರೆಗೆ ಹೇಳಿದಂತೆ ಕೇಳುತ್ತಿದ್ದ ಕುದುರೆ ಇಂದು ಒಮ್ಮೆಲೇ ಹಿಂಗಾಲು ಝಾಡಿಸತೊಡಗಿದರೆ ಮೊದಲು ನೋಡಬೇಕಾದದ್ದು ಅದರ ಮೈಯನ್ನು. ಬಾಯೊಳಗೆ ಮೊನಚಾದ ಹಲ್ಲು, ಬೆನ್ನಿನ ಸ್ನಾಯುಗಳ ನೋವು, ಚರ್ಮ ಉಜ್ಜುತ್ತಿರುವ ಹೊಟ್ಟೆಪಟ್ಟಿ, ಗೊರಸಿನೊಳಗೆ ಕಟ್ಟಿಕೊಂಡ ಕೀವು, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ವೃತ್ತದಲ್ಲಿ ಚಲಿಸುವಾಗ ಒಳಬದಿಯ ಕಾಲುಗಳ ಮೇಲೆ ಹೆಚ್ಚಿನ ಒತ್ತಡ ಬೀಳುವುದರಿಂದ, ನೇರ ದಾರಿಯಲ್ಲಿ ಕಾಣದ ಕುಂಟು ಇಲ್ಲಿ ಹೊರಬೀಳುತ್ತದೆ. ಪಶುವೈದ್ಯರು ಕುಂಟನ್ನು ಪತ್ತೆಹಚ್ಚಲು ಕುದುರೆಯನ್ನು ಹೀಗೆ ಸುತ್ತು ಹಾಕಿಸಿ ನೋಡುವುದೂ ಇದೇ ಕಾರಣಕ್ಕೆ. ಎಡಕ್ಕೆ ಸರಿಯಾಗಿ ಸುತ್ತುವ ಕುದುರೆ ಬಲಕ್ಕೆ ತಿರುಗಿಸಿದಾಗ ಮಾತ್ರ ಹಟ ಹಿಡಿಯುತ್ತಿದ್ದರೆ ಈ ಅನುಮಾನ ಇನ್ನಷ್ಟು ಬಲವಾಗಬೇಕು. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ, ಸವಾರಿಯಲ್ಲಿರುವ ಕುದುರೆಗಳಿಗಾಗಿ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿ ಹಿಂದಕ್ಕೆ ಮಡಚುವುದು, ಬಾಲ ಬೀಸುತ್ತಲೇ ಇರುವುದು, ಬಾಯಿ ತೆರೆಯುವುದು ಇತ್ಯಾದಿಗಳಲ್ಲಿ ಎಂಟು ಅಥವಾ ಹೆಚ್ಚು ಕಂಡುಬಂದರೆ ಮೂಳೆ, ಕೀಲು ಅಥವಾ ಸ್ನಾಯುಗಳಲ್ಲಿ ನೋವಿರುವ ಸಂಭವ ಹೆಚ್ಚು ಎಂಬುದು ಅವರ ನಿಲುವು. ಆ ಪಟ್ಟಿ ಸವಾರಿಗೆ ಸಂಬಂಧಿಸಿದ್ದಾದರೂ, ನಾವು ಮೊಂಡುತನವೆಂದು ಬೈಯುವ ಎಷ್ಟೋ ನಡವಳಿಕೆಗಳು ಅದರಲ್ಲಿವೆ ಎಂಬುದನ್ನು ನೆಲದ ಮೇಲೆ ನಿಂತು ಕಲಿಸುವವರೂ ಗಮನಿಸಬೇಕು.

ಮೈಯಲ್ಲಿ ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ನೋಡಬೇಕಾದದ್ದು ತರಬೇತುದಾರ ಎಲ್ಲಿ ನಿಂತಿದ್ದಾನೆ ಎಂಬುದನ್ನು. ಹಗ್ಗ ಒಂದು ಬದಿ, ಚಾವಟಿ ಇನ್ನೊಂದು ಬದಿ, ಕುದುರೆಯ ಮೈ ಮೂರನೆಯ ಬದಿಯಾಗಿ ತ್ರಿಕೋನವೊಂದು ಏರ್ಪಡಬೇಕು. ಹೊಟ್ಟೆಪಟ್ಟಿಯ ಹಿಂಭಾಗಕ್ಕೆ ಎದುರಾಗಿ ನಿಂತರೆ ಕುದುರೆ ಮುಂದೆ ಸಾಗುತ್ತದೆ. ಅದರ ಭುಜಕ್ಕಿಂತ ಮುಂದೆ ಹೋದರೆ ದಾರಿಗೆ ಅಡ್ಡ ನಿಂತಂತಾಗುತ್ತದೆ. ಹೊಸಬರು ತಮಗರಿವಿಲ್ಲದೆ ಮುಂದಕ್ಕೆ ಜರುಗಿ, ಅದೇ ಹೊತ್ತಿಗೆ ಚಾವಟಿಯನ್ನೂ ಎತ್ತುತ್ತಾರೆ. ಹೋಗು ಎಂದೂ ನಿಲ್ಲು ಎಂದೂ ಒಂದೇ ಉಸಿರಿನಲ್ಲಿ ಹೇಳಿಸಿಕೊಂಡ ಕುದುರೆ ಗಕ್ಕನೆ ಒಳಮುಖವಾಗಿ ತಿರುಗಿ ದಿಕ್ಕು ಬದಲಿಸಿದರೆ ತಪ್ಪು ಯಾರದು? ಆಗ ಹೊಡೆಯುವ ಬದಲು ಅದರ ಸೊಂಟದ ಕಡೆಗೆ ಒಂದು ಹೆಜ್ಜೆ ಸರಿದು, ಚಾವಟಿಯ ತುದಿಯನ್ನು ತಗ್ಗಿಸಿ ಹಿಂಗಾಲಿನತ್ತ ತೋರಿಸಿದರೆ ಸಾಮಾನ್ಯವಾಗಿ ಅದು ಮತ್ತೆ ದಾರಿಗೆ ಬರುತ್ತದೆ. ವೃತ್ತ ಬಿಟ್ಟು ಒಳಗೆ ನುಗ್ಗಿ ಬರುವ ಕುದುರೆಗಾದರೆ ಚಾವಟಿಯನ್ನು ಭುಜದತ್ತ ತೋರಿಸಬೇಕು. ಹೊರಗೆ ಎಳೆದುಕೊಂಡು ಓಡುವ ಕುದುರೆಯ ವಿರುದ್ಧ ಜಗ್ಗಾಟಕ್ಕಿಳಿದು ಗೆದ್ದವರನ್ನು ನಾನು ಕಂಡಿಲ್ಲ. ಒಮ್ಮೆ ಬಿಗಿ, ಮರುಕ್ಷಣ ಸಡಿಲ, ಹೀಗೆ ಮಾಡುತ್ತಾ ಶಾಂತ ದನಿಯಲ್ಲಿ ಮಾತನಾಡಿಸುತ್ತಾ ಅಂಗಳದ ಬೇಲಿಯತ್ತ ಅದನ್ನು ತಿರುಗಿಸಿಕೊಳ್ಳಬೇಕು. ವೇಗದಲ್ಲಿರುವಾಗ ವೃತ್ತವನ್ನು ಹಠಾತ್ತನೆ ಚಿಕ್ಕದು ಮಾಡಿದರೆ ಕಾಲು ಜಾರಿ ಬೀಳುವುದುಂಟು.

ಕುದುರೆ ಕಲಿಯುವುದು ಒತ್ತಡ ಸಡಿಲವಾದ ಆ ಕ್ಷಣದಿಂದ. ಕೇಳಿದ್ದನ್ನು ಅದು ಮಾಡಿದ ಕೂಡಲೇ ಚಾವಟಿ ತಗ್ಗಬೇಕು, ಹಗ್ಗ ಮೆದುವಾಗಬೇಕು. ತಡವಾದರೆ ಎರಡರ ನಡುವಿನ ಸಂಬಂಧ ಅದಕ್ಕೆ ತಿಳಿಯುವುದಿಲ್ಲ. ತಡವಾದ ಶಿಕ್ಷೆಯಂತೂ ಹಾನಿಕರ. ಒದ್ದ ಕುದುರೆಯನ್ನು ನಿಲ್ಲಿಸಿ, ಹತ್ತಿರಕ್ಕೆ ಕರೆಸಿಕೊಂಡು ಬಾರಿಸಿದರೆ, ಮನುಷ್ಯನ ಬಳಿ ಬಂದರೆ ಏಟು ಬೀಳುತ್ತದೆ ಎಂಬ ಪಾಠವನ್ನಷ್ಟೇ ಅದು ಕಲಿಯುತ್ತದೆ.

ಹಾಗೆಂದು ಎಲ್ಲವನ್ನೂ ಸಹಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ದಿನವಿಡೀ ಲಾಯದಲ್ಲಿ ಕಟ್ಟಿಹಾಕಿದ್ದ ಕುದುರೆ ಹೊರಗೆ ಬಂದ ಸಂಭ್ರಮಕ್ಕೆ ಒಂದೆರಡು ಬಾರಿ ನೆಗೆದಾಡುವುದು ಬೇರೆ, ನಿಂತವನ ಕಡೆಗೆ ಗುರಿಯಿಟ್ಟು ಒದೆಯುವುದು ಬೇರೆ. ಎರಡನೆಯದನ್ನು ಕೂಡಲೇ ತಡೆಯಬೇಕು, ಆದರೆ ಜಾಣ್ಮೆಯಿಂದ: ಹಗ್ಗದಿಂದ ಅದರ ಮೂತಿಯನ್ನು ಒಳಕ್ಕೆ ತಿರುಗಿಸಿಕೊಂಡರೆ ಹಿಂಭಾಗ ತಾನಾಗಿ ಹೊರಕ್ಕೆ ಸರಿದು ಕಾಲುಗಳು ನಮ್ಮಿಂದ ದೂರವಾಗುತ್ತವೆ. ಅನಂತರ ತಡಮಾಡದೆ ಮುಂದಕ್ಕೆ ನಡೆಸಿ ಬೇರೆ ಕೆಲಸ ಕೊಡಬೇಕು.

ಇನ್ನು ದಣಿಸುವ ವಿಚಾರ. ಪ್ರತಿದಿನ ಸುಸ್ತಾಗುವವರೆಗೆ ಓಡಿಸಿದ ಕುದುರೆಯ ದಮ್ಮು ಬೆಳೆಯುತ್ತಾ ಹೋಗುತ್ತದೆ, ಹಾಗಾಗಿ ಅದನ್ನು ದಣಿಸಲು ಮುಂದಿನ ತಿಂಗಳು ಇನ್ನೂ ಹೆಚ್ಚು ಹೊತ್ತು ಬೇಕಾಗುತ್ತದೆ. ಈ ನಡುವೆ ಕೀಲುಗಳು ಸವೆಯುತ್ತವೆ, ಅದರಲ್ಲೂ ಎಳೆಯ ಕುದುರೆಗಳಲ್ಲಿ. ಸುಮಾರು 15ರಿಂದ 20 ಮೀಟರ್ ಅಗಲದ ವೃತ್ತದಲ್ಲಿ, ಎರಡೂ ದಿಕ್ಕಿಗೆ ಸಮನಾಗಿ, ನಡುನಡುವೆ ನಡಿಗೆಯ ಬಿಡುವು ಕೊಟ್ಟು 15ರಿಂದ 20 ನಿಮಿಷ ಮಾಡಿಸಿದರೆ ಸಾಕು. ಉಳಿದ ಚೈತನ್ಯಕ್ಕೆ ಬಯಲಿನಲ್ಲಿ ಬಿಡುವುದೇ ಸರಿಯಾದ ದಾರಿ.

ಲೇಖನದ ಜೊತೆಗಿದ್ದ ಚಿತ್ರದಲ್ಲಿ ತರಬೇತುದಾರರು ಹಗ್ಗವನ್ನು ಬರಿಗೈಗೆ ಸುತ್ತಿಕೊಂಡಿದ್ದು ಕಂಡು ಗಾಬರಿಯಾಯಿತು. ಸುಮಾರು 500 ಕಿಲೋ ತೂಕದ ಪ್ರಾಣಿ ಬೆದರಿ ಓಡಿದರೆ ಆ ಸುತ್ತು ಬಿಗಿದು ಬೆರಳುಗಳೇ ತುಂಡಾಗಬಹುದು. ಹಗ್ಗವನ್ನು ಮಡಿಕೆ ಮಡಿಕೆಯಾಗಿ ಹಿಡಿದಿರಬೇಕು. ಕೈಗವಸು, ಹೆಲ್ಮೆಟ್, ಗಟ್ಟಿ ಬೂಟು ಇರಲೇಬೇಕು. ಮುಂಗಾಲೆತ್ತಿ ಮನುಷ್ಯನ ಮೇಲೇ ಏರಿಬರುವ ಕುದುರೆಯನ್ನು ಹೊಸಬರು ಒಬ್ಬಂಟಿಯಾಗಿ ತಿದ್ದಲು ಹೋಗದೆ ಅನುಭವಿಗಳಿಗೆ ಒಪ್ಪಿಸುವುದು ಒಳಿತು, ಮತ್ತು ಕೈಮೀರಿ ಓಡುವ ಕುದುರೆಯ ಹಗ್ಗವನ್ನು ನಾಚಿಕೆಯಿಲ್ಲದೆ ಬಿಟ್ಟುಬಿಡಬೇಕು.

ಇಂತಿ ತಮ್ಮ ವಿಶ್ವಾಸಿ,
ಕುದುರೆ ತರಬೇತಿಯಲ್ಲಿ ತೊಡಗಿರುವ ಓದುಗ